ನದಿಯ ಜಾಗದಲ್ಲಿ ಅಣೆಕಟ್ಟು: ಹೊಸ ಬಗೆಯ ಒಪೆರಾಕ್ಕೆ ಚಪ್ಪಾಳೆಯೂ ಬೂ ಕೂಗೂ ಒಟ್ಟಿಗೇ ಬೀಳುವುದೇಕೆ?

ಜರ್ಮನಿಯ ಬೈರಾಯ್ತ್ ಎಂಬ ಸಣ್ಣ ಊರಿನಲ್ಲಿ ಸಂಗೀತ ರಚನಕಾರ ರಿಷರ್ಡ್ ವಾಗ್ನರ್ ತಮ್ಮ ಒಪೆರಾಗಳಿಗೆಂದೇ ಕಟ್ಟಿಸಿದ ರಂಗಮಂದಿರ 1876ರಲ್ಲಿ ಬಾಗಿಲು ತೆರೆಯಿತು. ಮೊದಲು ಆಡಿದ್ದು 'ರಿಂಗ್': ನಾಲ್ಕು ಒಪೆರಾಗಳ ಸರಣಿ, ಒಟ್ಟು ಸುಮಾರು 15 ಗಂಟೆಯ ಸಂಗೀತ. ನೂರು ವರ್ಷ ತುಂಬಿದ 1976ರಲ್ಲಿ ಅದೇ ಸರಣಿಯನ್ನು ಅದೇ ರಂಗದ ಮೇಲೆ ಹೊಸದಾಗಿ ಕಟ್ಟುವ ಹೊಣೆ ಫ್ರೆಂಚರಿಗೆ ಸಿಕ್ಕಿತು. ನಿರ್ದೇಶನ 31 ವರ್ಷದ ಪಾತ್ರಿಸ್ ಶೆರೋ ಅವರದು, ವಾದ್ಯವೃಂದ ನಡೆಸಿದವರು ಪಿಯೆರ್ ಬುಲೇಜ್. ಪರದೆ ಎದ್ದಾಗ ಕತೆಯಲ್ಲಿರುವ ರೈನ್ ನದಿಯ ತಳ ಕಾಣಲಿಲ್ಲ, ಜಲವಿದ್ಯುತ್ ಅಣೆಕಟ್ಟೊಂದು ಕಂಡಿತು. ದೇವತೆಗಳು ಕೈಗಾರಿಕಾ ಯುಗದ ಸಾಹುಕಾರರ ಕೋಟು ತೊಟ್ಟು ಬಂದರು. ಜನ ಸೀಟಿ ಊದಿದರು, ಕಿರುಚಿದರು, ಕರಪತ್ರ ಹಂಚಿದರು.

ನಾಲ್ಕು ವರ್ಷದ ನಂತರ, 1980ರಲ್ಲಿ, ಇದೇ ರಂಗರೂಪದ ಕೊನೆಯ ಪ್ರದರ್ಶನ ಮುಗಿದಾಗ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಚಪ್ಪಾಳೆ ಬಿತ್ತು.

ಈಗ ಓದಿಗೆ, ಕೆಲಸಕ್ಕೆ ಎಂದು ಜರ್ಮನಿಗೆ ಹೋದ ಕನ್ನಡಿಗರು ಬಹಳ. ವಿದ್ಯಾರ್ಥಿ ರಿಯಾಯಿತಿಯಲ್ಲೋ ನಿಂತು ನೋಡುವ ಅಗ್ಗದ ಟಿಕೆಟ್ಟಿನಲ್ಲೋ ಮೊದಲ ಬಾರಿ ಒಪೆರಾಕ್ಕೆ ಕಾಲಿಟ್ಟವರಿಗೆ ಎದುರಾಗುವ ಮೊದಲ ಗೊಂದಲ ಇದೇ: ಕತೆ ಓದಿಕೊಂಡು ಹೋದರೆ ರಂಗದ ಮೇಲೆ ಬೇರೇನೋ ನಡೆಯುತ್ತಿರುತ್ತದೆ, ಪಕ್ಕದ ಸೀಟಿನವರು ಸಿಟ್ಟಾಗಿರುತ್ತಾರೆ, ಹಿಂದಿನ ಸಾಲಿನವರು ಕುಣಿದಾಡುತ್ತಿರುತ್ತಾರೆ. ಇದು ಅಭಿರುಚಿಯ ಜಗಳದಂತೆ ಕಂಡರೂ ಅದರ ಕೆಳಗೆ ಒಪೆರಾ ಎಂಬ ಕಲೆಯ ಕಟ್ಟೋಣದ್ದೇ ಒಂದು ತೊಡಕಿದೆ.

ಯಾವುದು ಗಟ್ಟಿ, ಯಾವುದು ಸಡಿಲ

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. ಅಚ್ಚಾದ ಕೃತಿಯನ್ನು ಬಿಡಿಸಿ ನೋಡಿದರೆ ಮೂರು ಪದರ ಸಿಗುತ್ತವೆ. ಒಂದು, ಸ್ಕೋರ್: ಯಾವ ವಾದ್ಯ ಯಾವ ಸ್ವರವನ್ನು ಎಷ್ಟು ಹೊತ್ತು ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಬರೆದಿಟ್ಟ ಸ್ವರಲಿಪಿ. ಎರಡು, ಲಿಬ್ರೆಟೊ, ಅಂದರೆ ಹಾಡುವ ಮಾತುಗಳು. ಮೂರು, ರಂಗಸೂಚನೆಗಳು: 'ಚರ್ಚಿನ ಒಳಗೆ', 'ಕತ್ತಿ ಹಿರಿಯುತ್ತಾನೆ' ಎಂಬಂಥ ಸಾಲುಗಳು.

ಇಂದಿನ ರೂಢಿ ಹೀಗಿದೆ: ಮೊದಲೆರಡು ಪದರಗಳನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ (ಅಲ್ಲಲ್ಲಿ ಕತ್ತರಿ ಹಾಕುವುದುಂಟು), ಮೂರನೆಯದು ನಿರ್ದೇಶಕರ ಪಾಲು. ನಮ್ಮ ಯಕ್ಷಗಾನದ ಜೊತೆ ಇಟ್ಟು ನೋಡಿದರೆ ಇದು ಪೂರ್ತಿ ತಿರುವುಮುರುವು. ಅಲ್ಲಿ ಪದ್ಯ ಪ್ರಸಂಗದ್ದಾದರೂ ವೇಷಧಾರಿ ತನ್ನ ಮಾತನ್ನು ಅಂದಂದಿನ ರಾತ್ರಿ ಕಟ್ಟುತ್ತಾನೆ. ಹೊಸತನ ಬರುವುದು ಮಾತಿನಲ್ಲಿ; ಕಿರೀಟ, ಮುಖವರ್ಣಿಕೆ, ಒಡ್ಡೋಲಗ ಸಂಪ್ರದಾಯಕ್ಕೆ ಕಟ್ಟುಬಿದ್ದವು. ಒಪೆರಾದಲ್ಲಿ ಮಾತು, ರಾಗ, ಉಸಿರಿನ ಜಾಗ ಸಮೇತ ಎಲ್ಲವೂ ಮೊದಲೇ ನಿಗದಿ. ಹೊಸತನಕ್ಕೆ ಉಳಿದಿರುವುದು ವೇಷ ಮತ್ತು ರಂಗಸಜ್ಜಿಕೆ ಮಾತ್ರ.

ಹಾಗಾಗಿ ಕಿವಿಗೆ 1853ರ ಕೃತಿ ಕೇಳಿಸುತ್ತಿರುವಾಗ ಕಣ್ಣಿಗೆ ಇಂದಿನ ಆಸ್ಪತ್ರೆಯೋ ಮೋಟೆಲೋ ಕಾಣಿಸುತ್ತದೆ. ಗಾಯಕ 'ನನ್ನ ಕತ್ತಿ!' ಎಂದು ಹಾಡುತ್ತಾನೆ, ಕೈಯಲ್ಲಿ ಬಂದೂಕಿರುತ್ತದೆ. ಮೊದಲು ಇಟಾಲಿಯನ್ ಬಾರದವರಿಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. 1980ರ ದಶಕದಿಂದ ರಂಗದ ಮೇಲ್ಭಾಗದಲ್ಲಿ ಅನುವಾದದ ಸಾಲುಗಳನ್ನು ತೋರಿಸುವ ಪದ್ಧತಿ ಬಂತಲ್ಲ, ಅಂದಿನಿಂದ ಹೊಂದಾಣಿಕೆ ತಪ್ಪಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜಗಳ ಜೋರಾಗಲು ಈ ಸಣ್ಣ ತಾಂತ್ರಿಕ ಅನುಕೂಲವೂ ಒಂದು ಕಾರಣ ಎನ್ನಬಹುದು.

ಹೊಸ ರಂಗರೂಪದ ಅಗತ್ಯ ಹುಟ್ಟಿದ್ದು ಎಲ್ಲಿಂದ

19ನೇ ಶತಮಾನದ ಪ್ರೇಕ್ಷಕರು ಒಪೆರಾಕ್ಕೆ ಹೋಗುತ್ತಿದ್ದುದು ಹೊಸ ಕೃತಿ ಕೇಳುವುದಕ್ಕೆ. ನಾವು ವಾರಕ್ಕೊಂದು ಹೊಸ ಸಿನಿಮಾ ನೋಡುವಂತೆ. ನಿರ್ದೇಶಕ ಎಂಬ ಪ್ರತ್ಯೇಕ ಹುದ್ದೆಯೇ ಆಗ ಸರಿಯಾಗಿ ಇರಲಿಲ್ಲ. 20ನೇ ಶತಮಾನದಲ್ಲಿ ಮೊಟ್ಸಾರ್ಟ್, ವೆರ್ದಿ, ವಾಗ್ನರ್, ಪುಚ್ಚಿನಿ, ಬಿಝೆ ಅವರ ಕೆಲವೇ ಹತ್ತಾರು ಕೃತಿಗಳು ಮತ್ತೆ ಮತ್ತೆ ಸುತ್ತತೊಡಗಿದವು. ಒಂದೇ 'ಕಾರ್ಮೆನ್' ಅನ್ನು ಒಂದೇ ಊರಿನಲ್ಲಿ ಐವತ್ತು ವರ್ಷ ತೋರಿಸಬೇಕಾದಾಗ 'ಈ ಸಲ ಏನು ಹೊಸದು?' ಎಂಬ ಪ್ರಶ್ನೆಯ ಭಾರ ಸಂಗೀತ ರಚಿಸಿದವರಿಂದ ನಿರ್ದೇಶಕರ ಹೆಗಲಿಗೆ ಬಂತು.

ಮೊದಲು ದಾರಿ ತೋರಿದವರು ಸ್ವಿಸ್ ಚಿಂತಕ ಅಡೋಲ್ಫ್ ಆಪಿಯಾ. ಬಣ್ಣ ಬಳಿದ ಕಾಡು, ಬಂಡೆಗಳ ಪರದೆ ತೆಗೆದುಹಾಕಿ; ಮೆಟ್ಟಿಲು, ಇಳಿಜಾರು ಮತ್ತು ಬೆಳಕು ಸಾಕು, ಸಂಗೀತ ಏನು ಹೇಳುತ್ತದೋ ಅದನ್ನು ಬೆಳಕು ಹಿಂಬಾಲಿಸಲಿ ಎಂಬುದು ಅವರ ವಾದ. 1924ರಲ್ಲಿ ಬಾಸೆಲ್‌ನಲ್ಲಿ ಅವರ ವಿನ್ಯಾಸದ 'ರಿಂಗ್' ಶುರುವಾಯಿತು. ವಿರೋಧ ಎಷ್ಟಿತ್ತೆಂದರೆ ಮೊದಲೆರಡು ಭಾಗಕ್ಕೇ ನಿಂತುಹೋಯಿತು. ಬರ್ಲಿನ್‌ನಲ್ಲಿ ಓಟ್ಟೊ ಕ್ಲೆಂಪರರ್ 1927ರಿಂದ ನಡೆಸಿದ ಕ್ರೋಲ್ ಒಪೆರಾ ಇದೇ ದಿಕ್ಕಿನಲ್ಲಿ ಹೋಗಿ 1931ರಲ್ಲಿ ಮುಚ್ಚಿತು.

ಬೈರಾಯ್ತ್‌ನಲ್ಲಂತೂ ವಾಗ್ನರ್ ಕುಟುಂಬ ಹಳೆಯದನ್ನು ಪೂಜೆಯ ಸಾಮಾನಿನಂತೆ ಕಾಪಾಡಿತ್ತು. 1882ರ 'ಪಾರ್ಸಿಫಾಲ್' ಸೆಟ್ಟುಗಳು 1933ರವರೆಗೂ ಬಳಕೆಯಲ್ಲಿದ್ದವು. ಅವನ್ನು ಬದಲಿಸುವ ಮಾತೆದ್ದಾಗ, ಸ್ವತಃ ವಾಗ್ನರ್ ಅವರ ಕಣ್ಣು ಬಿದ್ದ ಸೆಟ್ಟುಗಳಿವು, ಬದಲಿಸಬೇಡಿ ಎಂದು ಮನವಿಪತ್ರಗಳು ಹೊರಟವು. ಆ ಸರಪಳಿ ಕಡಿದದ್ದು 1951ರಲ್ಲಿ. ನಾಜಿಗಳ ನಂಟಿನಿಂದ ಹೆಸರು ಕೆಡಿಸಿಕೊಂಡಿದ್ದ ಉತ್ಸವವನ್ನು ಮತ್ತೆ ಶುರುಮಾಡುವಾಗ ಮೊಮ್ಮಗ ವೀಲಾಂಟ್ ವಾಗ್ನರ್ ರಂಗವನ್ನು ಬಹುತೇಕ ಖಾಲಿ ಮಾಡಿದರು: ಒಂದು ವರ್ತುಲ, ಕತ್ತಲು, ಬೆಳಕಿನ ಕಂಬಗಳು. ಜರ್ಮನ್ ಹಿರಿಮೆಯ ಕೋಟೆ, ಬಾವುಟ, ಕೊಂಬಿನ ಶಿರಸ್ತ್ರಾಣಗಳನ್ನು ತೆಗೆಯದೆ ಆ ಸಂಗೀತವನ್ನು ಮತ್ತೆ ಕೇಳಿಸುವುದು ಕಷ್ಟವಿತ್ತು. ಯುದ್ಧಾನಂತರದ ಜರ್ಮನಿಯಲ್ಲಿ ಹೊಸ ರಂಗರೂಪವೆಂದರೆ ಫ್ಯಾಷನ್ ಮಾತ್ರ ಆಗಿರಲಿಲ್ಲ, ಹಳೆಯ ಪಾಪದ ಲೆಕ್ಕವೂ ಅದರಲ್ಲಿ ಸೇರಿತ್ತು. ಇಂಗ್ಲೆಂಡ್, ಅಮೆರಿಕದ ಪ್ರೇಕ್ಷಕರಿಗೆ ಈ ಹಿನ್ನೆಲೆ ಇಲ್ಲ; ಜರ್ಮನಿಯಲ್ಲಿ ಸಹಜವೆನಿಸುವುದು ಅಲ್ಲಿ ವಿಚಿತ್ರವೆನಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕವಲು ಪೂರ್ವ ಬರ್ಲಿನ್ನಿನದು. 1947ರಲ್ಲಿ ಕೋಮಿಷೆ ಓಪರ್ ಕಟ್ಟಿದ ವಾಲ್ಟರ್ ಫೆಲ್ಸೆನ್‌ಸ್ಟೈನ್ ಗಾಯಕರು ನಟರಂತೆ ನಟಿಸಲೇಬೇಕೆಂದು ಹಠ ಹಿಡಿದರು. ಅವರ ಗರಡಿಯಿಂದ ಬಂದ ಗೋಟ್ಸ್ ಫ್ರೀಡ್ರಿಷ್, ಅವರ ದಾರಿಯಲ್ಲೇ ನಡೆದ ಹ್ಯಾರಿ ಕುಪ್ಫರ್ ಮುಂತಾದವರು ಕತೆಯೊಳಗಿನ ಅಧಿಕಾರ, ಹಣ, ವರ್ಗಗಳನ್ನು ಎತ್ತಿ ತೋರಿಸಿದರು.

ಇಲ್ಲೊಂದು ಪಕ್ಕದ ಮಾತು. ಹೊಸತನದ ಪರ ವಾದಿಸುವವರು 'ಮಕ್ಕಳೇ, ಹೊಸದನ್ನು ಮಾಡಿ' ಎಂಬ ವಾಗ್ನರ್ ಅವರ ಮಾತನ್ನು ಸದಾ ಎತ್ತುತ್ತಾರೆ. ಅದು 1852ರಲ್ಲಿ ಸಂಗೀತ ರಚನಕಾರ ಫ್ರಾನ್ಸ್ ಲಿಸ್ಟ್ ಅವರಿಗೆ ಬರೆದ ಪತ್ರದ್ದು. ಫ್ರೆಂಚ್ ರಚನಕಾರ ಬೆರ್ಲಿಯೋಸ್ ತಮ್ಮ ಹಳೆಯ ಒಪೆರಾವನ್ನೇ ತಿದ್ದುತ್ತ ಕೂತಿದ್ದಾರೆ, ಹೊಸ ಕೃತಿ ಬರೆಯಬಾರದೇ ಎಂಬ ಅರ್ಥದಲ್ಲಿ ಬಂದ ಮಾತು. ಹಳೆಯ ಕೃತಿಗೆ ಹೊಸ ವೇಷ ತೊಡಿಸುವುದರ ಪ್ರಸ್ತಾಪವೇ ಅಲ್ಲಿಲ್ಲ.

ಸ್ವರದೊಳಗೇ ಹುದುಗಿದ ಸೂಚನೆಗಳು

ರಂಗಸೂಚನೆ ಸಡಿಲ ಪದರ ಎಂದೆವು. ತೊಡಕೆಂದರೆ, ಕೆಲವು ಸೂಚನೆಗಳು ಸಂಗೀತದೊಳಗೆ ಹೊಲಿಗೆ ಬಿದ್ದಿರುತ್ತವೆ. ಎಳೆದರೆ ಬಟ್ಟೆಯೇ ಹರಿಯುತ್ತದೆ.

ಪುಚ್ಚಿನಿ ಅವರ 'ಟೋಸ್ಕಾ' ಎರಡನೇ ಅಂಕದ ಕೊನೆ ನೋಡಿ. ತನ್ನನ್ನು ಹಿಂಸಿಸಿದ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನನ್ನು ಟೋಸ್ಕಾ ಇರಿದು ಕೊಲ್ಲುತ್ತಾಳೆ. ನಂತರ ಹಾಡಿಲ್ಲ, ವಾದ್ಯಗಳು ಮಾತ್ರ. ಅವಳು ಎರಡು ಮೇಣದಬತ್ತಿ ತಂದು ಹೆಣದ ಅಕ್ಕಪಕ್ಕ ಇಡುತ್ತಾಳೆ, ಗೋಡೆಯ ಶಿಲುಬೆ ತೆಗೆದು ಅವನ ಎದೆಯ ಮೇಲಿಡುತ್ತಾಳೆ, ದೂರದಲ್ಲಿ ನಗಾರಿ ಕೇಳಿ ಓಡಿಹೋಗುತ್ತಾಳೆ. ಅಲ್ಲಿನ ಸಂಗೀತ ಈ ಚಲನೆಗಳಿಗೆ ಅಳತೆ ತೆಗೆದು ಹೊಲಿದದ್ದು. 2009ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದ ಋತುವಿನ ಮೊದಲ ರಾತ್ರಿ ಲುಕ್ ಬೊಂಡಿ ನಿರ್ದೇಶನದಲ್ಲಿ ಮೇಣದಬತ್ತಿ, ಶಿಲುಬೆ ಎರಡೂ ಮಾಯವಾಗಿದ್ದವು. ಟೋಸ್ಕಾ ಸೋಫಾದ ಮೇಲೆ ಬೀಸಣಿಗೆ ಹಿಡಿದಿದ್ದಳು. ನಿರ್ದೇಶಕರ ತಂಡ ವೇದಿಕೆಗೆ ಬಂದಾಗ 'ಬೂ' ಎಂಬ ಅಸಮ್ಮತಿಯ ಕೂಗಿನ ಮಳೆ ಸುರಿಯಿತು. ಪುಚ್ಚಿನಿ ಬರೆದ ಆ ನಿಮಿಷಗಳು ಖಾಲಿ ಬಿದ್ದವು ಎಂಬುದು ಆಕ್ಷೇಪದ ತಿರುಳು. 2017ರ ಕೊನೆಯ ರಾತ್ರಿ ಅದರ ಜಾಗಕ್ಕೆ ಡೇವಿಡ್ ಮೆಕ್‌ವಿಕರ್ ಅವರ ಸಾಂಪ್ರದಾಯಿಕ 'ಟೋಸ್ಕಾ' ಬಂತು.

ಇದಕ್ಕೆ ಎದುರಾಗಿ ವೆರ್ದಿ ಅವರ 'ರಿಗೊಲೆಟ್ಟೊ'. ಮೂಲದಲ್ಲಿ 16ನೇ ಶತಮಾನದ ಮಾಂಟುವಾ, ಹೆಣ್ಣುಬಾಕ ಡ್ಯೂಕ್, ಅವನ ಗೂನು ಬೆನ್ನಿನ ವಿದೂಷಕ ರಿಗೊಲೆಟ್ಟೊ. ಜೊನಾಥನ್ ಮಿಲ್ಲರ್ 1982ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾಕ್ಕೆ ಇದನ್ನು 1950ರ ದಶಕದ ನ್ಯೂಯಾರ್ಕ್ ಮಾಫಿಯಾಕ್ಕೆ ಎತ್ತಿ ಇಟ್ಟರು. 'ಲಾ ದೊನ್ನಾ ಎ ಮೊಬಿಲೆ' ಎಂಬ ಜಗತ್ಪ್ರಸಿದ್ಧ ಹಾಡಿಗೆ ಮುಂಚೆ ಡ್ಯೂಕ್ ಬಾರ್‌ನಲ್ಲಿರುವ ಜ್ಯೂಕ್‌ಬಾಕ್ಸ್‌ಗೆ ನಾಣ್ಯ ಹಾಕುತ್ತಾನೆ, ಪೀಠಿಕೆ ಅದರಿಂದ ಬಂದಂತೆ ಶುರುವಾಗುತ್ತದೆ. ಇದು ಕುಳಿತುಕೊಂಡದ್ದಕ್ಕೆ ಕಾರಣವಿದೆ. ಕತೆಯೊಳಗೂ ಅದು ಡ್ಯೂಕ್ ಗುನುಗುವ ಒಂದು 'ಹಾಡು'. ಮುಂದೆ ಅದೇ ಹಾಡು ದೂರದಿಂದ ಕೇಳಿಬಂದಾಗಲೇ, ಚೀಲದಲ್ಲಿರುವ ಹೆಣ ತಾನು ಕೊಲ್ಲಿಸಿದೆನೆಂದುಕೊಂಡ ಡ್ಯೂಕನದಲ್ಲ ಎಂದು ರಿಗೊಲೆಟ್ಟೊನಿಗೆ ಹೊಳೆಯುತ್ತದೆ. ಮಿಲ್ಲರ್ ಕಾಲ, ದೇಶ ಎರಡನ್ನೂ ಬದಲಿಸಿದರು. ಹಾಡು ಮಾಡಬೇಕಾದ ಕೆಲಸವನ್ನು ಬದಲಿಸಲಿಲ್ಲ. ಆ ರಂಗರೂಪ ದಶಕಗಳ ಕಾಲ ಮತ್ತೆ ಮತ್ತೆ ಪ್ರದರ್ಶನ ಕಂಡಿತು, ಸಂಪ್ರದಾಯಸ್ಥರೂ ಅದನ್ನು ಮೆಚ್ಚಿದರು.

2018ರ ಜನವರಿಯಲ್ಲಿ ಫ್ಲಾರೆನ್ಸ್‌ನಲ್ಲಿ ಲೇಯೊ ಮುಸ್ಕಾತೊ, ಪ್ರಿಯಕರ ಡಾನ್ ಹೊಸೆಯ ಕೈಯಲ್ಲಿ ನಾಯಕಿ ಸಾಯುವ 'ಕಾರ್ಮೆನ್' ಕೊನೆಯನ್ನೇ ತಿರುಗಿಸಿದರು. ಹೆಂಗಸಿನ ಕೊಲೆಗೆ ಚಪ್ಪಾಳೆ ತಟ್ಟಬೇಕೇ ಎಂಬ ಪ್ರಶ್ನೆ ಇಟ್ಟುಕೊಂಡು, ಕಾರ್ಮೆನ್ ತಾನೇ ಡಾನ್ ಹೊಸೆಯನ್ನು ಗುಂಡಿಕ್ಕಿ ಕೊಲ್ಲುವಂತೆ ಮಾಡಿದರು. ಆದರೆ ಸ್ವರಲಿಪಿಯಲ್ಲಿ 'ಅವಳನ್ನು ಕೊಂದವನು ನಾನೇ, ನನ್ನನ್ನು ಬಂಧಿಸಿ' ಎಂಬ ಕೊನೆಯ ಮಾತು ಹೊಸೆಯದು. ಇದು ಸಾಲದೆಂಬಂತೆ ಮೊದಲ ರಾತ್ರಿ ಪಿಸ್ತೂಲು ಹಾರಲೇ ಇಲ್ಲ. ಬೂ ಬಿದ್ದದ್ದರಲ್ಲಿ ಸಿದ್ಧಾಂತಕ್ಕೆಷ್ಟು, ಪಿಸ್ತೂಲಿಗೆಷ್ಟು ಎಂದು ಪಾಲು ಹಾಕುವುದು ಕಷ್ಟ.

ಕೊನೆಯ ದೃಶ್ಯವೊಂದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಪುಲೆಂಕ್ ಅವರ 'ದಿಯಾಲೋಗ್ ದೆ ಕಾರ್ಮೆಲಿತ್' (1957) ಮುಗಿಯುವುದು ಫ್ರೆಂಚ್ ಕ್ರಾಂತಿಯ ಕಾಲದ ಸನ್ಯಾಸಿನಿಯರು ಒಬ್ಬೊಬ್ಬರಾಗಿ ಗಿಲೊಟಿನ್‌ಗೆ ತಲೆ ಕೊಡುವುದರೊಂದಿಗೆ. ಎಲ್ಲರೂ ಸೇರಿ ಪ್ರಾರ್ಥನೆ ಹಾಡುತ್ತಿರುತ್ತಾರೆ. ಅಲಗು ಬೀಳುವ ಸದ್ದು ಸ್ವರಲಿಪಿಯಲ್ಲೇ ಬರೆದಿದೆ, ಪ್ರತಿ ಸದ್ದಿಗೂ ಒಂದೊಂದು ಕಂಠ ಕಡಿಮೆಯಾಗುತ್ತದೆ. 2010ರಲ್ಲಿ ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾದಲ್ಲಿ ದಿಮಿತ್ರಿ ಚೆರ್ನ್ಯಾಕೊವ್, ನಾಯಕಿ ಬ್ಲಾಂಶ್ ಮಿಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ಪಾರುಮಾಡಿ ತಾನು ಸ್ಫೋಟದಲ್ಲಿ ಸಾಯುವಂತೆ ತೋರಿಸಿದರು. ಪುಲೆಂಕ್ ಮತ್ತು ಮೂಲ ಲೇಖಕ ಬೆರ್ನಾನೋಸ್ ಅವರ ವಾರಸುದಾರರು ದಾವೆ ಹೂಡಿದರು. 2015ರಲ್ಲಿ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪಿತ್ತು ಡಿವಿಡಿ ಮಾರಾಟಕ್ಕೆ ತಡೆ ಹಾಕಿತು. 2017ರಲ್ಲಿ ಫ್ರಾನ್ಸ್‌ನ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ವೆರ್ದಿ, ವಾಗ್ನರ್ ಕೃತಿಗಳಿಗೆ ಇಂಥ ತಕರಾರು ಬರುವ ಸಾಧ್ಯತೆ ಬಹಳ ಕಡಿಮೆ. ಯುರೋಪಿನಲ್ಲಿ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕರ್ತೃ ಸತ್ತ ಮೇಲೆ 70 ವರ್ಷಕ್ಕೆ ಮುಗಿಯುತ್ತದೆ.

'ಮೂಲದಂತೆಯೇ ಇರಲಿ' ಎಂದರೆ ಯಾವ ಮೂಲ?

ಸಂಪ್ರದಾಯದ ಪರ ಇರುವವರ ವಾದಕ್ಕೆ ಇಲ್ಲೊಂದು ಮುಳ್ಳಿದೆ. ವೆರ್ದಿ 'ಲಾ ತ್ರವಿಯಾತಾ' ಬರೆದದ್ದು ತಮ್ಮದೇ ಕಾಲದ ಪ್ಯಾರಿಸ್ ಕತೆಯೆಂದು. ಪ್ರೇಕ್ಷಕರು ತೊಟ್ಟಂಥದೇ ಬಟ್ಟೆಯಲ್ಲಿ ಆಡಿಸಬೇಕೆಂಬುದು ಅವರ ಆಸೆ. 1853ರಲ್ಲಿ ವೆನಿಸ್‌ನವರು ಒಪ್ಪದೆ ಕತೆಯನ್ನು 1700ರ ಆಸುಪಾಸಿಗೆ ತಳ್ಳಿದರು. 'ರಿಗೊಲೆಟ್ಟೊ'ದ ಡ್ಯೂಕ್ ಮೂಲ ನಾಟಕದಲ್ಲಿ ಫ್ರಾನ್ಸ್‌ನ ರಾಜ. 'ಉನ್ ಬಾಲ್ಲೊ ಇನ್ ಮಾಸ್ಕೆರಾ'ದಲ್ಲಿ ಸ್ವೀಡನ್ ರಾಜನ ಕೊಲೆ ಸೆನ್ಸಾರ್ ಕಾಟದಿಂದ ಅಮೆರಿಕದ ಬಾಸ್ಟನ್‌ಗೆ ಹೋಯಿತು. ಕಾಲ, ದೇಶ ಬದಲಿಸಿಯೂ ಕೃತಿ ಉಳಿಯುತ್ತದೆ ಎಂಬುದಕ್ಕೆ ವೆರ್ದಿ ಅವರೇ ಸಾಕ್ಷಿ.

ಆದರೆ ಈ ಉದಾಹರಣೆ ಎಲ್ಲಕ್ಕೂ ಬಾಗಿಲು ತೆಗೆಯುವುದಿಲ್ಲ. ವೆರ್ದಿ ಸ್ಥಳ ಬದಲಿಸಿದಾಗ ಮಾತುಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿಸುತ್ತಿದ್ದರು. ಇಂದು ಮಾತು ಹಾಗೇ ಉಳಿದು ಚಿತ್ರ ಮಾತ್ರ ಬದಲಾಗುತ್ತದೆ. ಪ್ಯಾರಿಸ್ ಒಪೆರಾದಲ್ಲಿ 2017ರಲ್ಲಿ ಕ್ಲಾಉಸ್ ಗೂತ್ ಪುಚ್ಚಿನಿ ಅವರ 'ಲಾ ಬೊಹೆಮ್' ಅನ್ನು ಬಾಹ್ಯಾಕಾಶ ನೌಕೆಯೊಳಗೆ ಇಟ್ಟರು: ಸಾವಿನಂಚಿನ ಗಗನಯಾತ್ರಿಗಳು ನೆನೆಯುವ ಹಳೆಯ ಪ್ಯಾರಿಸ್. ಚಳಿ, ಒಂಟಿತನ, ಉಸಿರುಗಟ್ಟುವ ಸಾವು ಮೂಲದಲ್ಲೂ ಇವೆ. ಹಾಗಾಗಿ ಒಪ್ಪಿದವರು ಒಪ್ಪಿದರು. ಬಡ ಕಲಾವಿದರ ಅಟ್ಟದ ಕೋಣೆಯ ಬಿಸುಪಿಗೆಂದೇ ಬಂದವರು ಕೂಗಿದರು.

ಬೂ ಕೂಗುವುದು ಯಾರಿಗೆ, ಯಾವಾಗ

ಸುದ್ದಿಯಲ್ಲಿ 'ಒಪೆರಾಕ್ಕೆ ಛೀಮಾರಿ' ಎಂದು ಓದಿದಾಗ ಗಮನಿಸಬೇಕಾದ ವಿಷಯ ಒಂದಿದೆ. ಕೊನೆಯಲ್ಲಿ ವಂದನೆಗೆ ಬರುವುದು ಒಂದು ಕ್ರಮದಲ್ಲಿ: ಮೇಳ (ಗುಂಪಾಗಿ ಹಾಡುವವರು), ಸಣ್ಣ ಪಾತ್ರಗಳು, ಮುಖ್ಯ ಗಾಯಕರು, ಕಂಡಕ್ಟರ್ (ವಾದ್ಯವೃಂದ ನಡೆಸುವವರು). ನಿರ್ದೇಶಕ, ಸೆಟ್, ಉಡುಪು, ಬೆಳಕಿನವರು ಸಾಮಾನ್ಯವಾಗಿ ಮೊದಲ ಪ್ರದರ್ಶನದಂದು ಮಾತ್ರ ವೇದಿಕೆಗೆ ಬರುತ್ತಾರೆ. ಅವರ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಸಿಗುವುದು ಆ ಒಂದೇ ರಾತ್ರಿ. ಎರಡನೇ ಪ್ರದರ್ಶನದಲ್ಲಿ ಅದೇ ರಂಗರೂಪಕ್ಕೆ ಚಪ್ಪಾಳೆ ಬಿದ್ದರೆ ಅದು ಸುದ್ದಿಯಾಗುವುದಿಲ್ಲ.

ಒಂದೇ ರಾತ್ರಿ ಒಂದೇ ಜನ ಬೇರೆ ಬೇರೆ ತೀರ್ಪು ಕೊಡುವುದೂ ಇದೆ. 2013ರಲ್ಲಿ ಬೈರಾಯ್ತ್‌ನಲ್ಲಿ ಫ್ರಾಂಕ್ ಕಾಸ್ಟೋರ್ಫ್ ಅವರ 'ರಿಂಗ್' ಪೆಟ್ರೋಲಿನ ಇತಿಹಾಸವಾಗಿ ಬಂತು: ಅಮೆರಿಕದ ಹೆದ್ದಾರಿ ಮೋಟೆಲ್, ಬಾಕು ತೈಲಬಾವಿ, ಬೆಟ್ಟದಲ್ಲಿ ಕೊರೆದ ಮಾರ್ಕ್ಸ್, ಲೆನಿನ್, ಸ್ಟಾಲಿನ್, ಮಾವೊ ತಲೆಗಳು, ಪ್ರೇಮಗೀತೆಯ ನಡುವೆ ಮೊಸಳೆಗಳು. ಕಂಡಕ್ಟರ್ ಕಿರಿಲ್ ಪೆಟ್ರೆಂಕೊ ಅವರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಸ್ಟೋರ್ಫ್ ಬೂ ಕೂಗಿನ ಎದುರು ಹತ್ತು ನಿಮಿಷದಷ್ಟು ಹೊತ್ತು ಅಲ್ಲಾಡದೆ ನಿಂತರು.

ಹಾಡು ನಡೆಯುತ್ತಿರುವಾಗಲೇ ಕೂಗುವುದು ಬೇರೆ ಮಾತು. ಅದನ್ನು ಬಹುತೇಕ ಎಲ್ಲರೂ ಒರಟುತನ ಎನ್ನುತ್ತಾರೆ. 2015ರಲ್ಲಿ ಲಂಡನ್ನಿನ ರಾಯಲ್ ಒಪೆರಾದಲ್ಲಿ ದಾಮಿಯಾನೊ ಮಿಕಿಯೆಲೆಟ್ಟೊ ಅವರ 'ಗಿಯೋಮ್ ತೆಲ್'ನಲ್ಲಿ ಸೈನಿಕರು ಹೆಣ್ಣೊಬ್ಬಳನ್ನು ಹಿಂಸಿಸುವ ದೃಶ್ಯ ಬಂದಾಗ ಸಂಗೀತದ ಮೇಲೆಯೇ ಕೂಗೆದ್ದಿತು. ಮುಂದಿನ ಪ್ರದರ್ಶನಗಳಲ್ಲಿ ಆ ದೃಶ್ಯವನ್ನು ತಗ್ಗಿಸಿದರು. 2013ರ ಮೇ ತಿಂಗಳಲ್ಲಿ ಡ್ಯುಸೆಲ್‌ಡೋರ್ಫ್‌ನ 'ಟಾನ್‌ಹಾಯ್ಸರ್' ನಾಜಿ ಹತ್ಯೆಗಳನ್ನು ರಂಗಕ್ಕೆ ತಂದಾಗ ಕೆಲವು ಪ್ರೇಕ್ಷಕರು ವೈದ್ಯರ ಬಳಿ ಹೋಗಬೇಕಾಯಿತು. ಕೆಲವೇ ದಿನಗಳಲ್ಲಿ ನಿರ್ವಾಹಕರು ಅಭಿನಯ ಕೈಬಿಟ್ಟು ಬರೀ ಹಾಡಿಕೆಯಾಗಿ ಮುಂದುವರಿಸಿದರು.

ಇನ್ನು ಕಾಲವೂ ಕೆಲಸ ಮಾಡುತ್ತದೆ. ಬೈರಾಯ್ತ್‌ನಲ್ಲಿ ಒಂದು ರಂಗರೂಪ ಸಾಮಾನ್ಯವಾಗಿ ಐದಾರು ಬೇಸಿಗೆ ನಡೆಯುತ್ತದೆ, ವರ್ಷವರ್ಷವೂ ತಿದ್ದಲು ಅವಕಾಶವಿರುತ್ತದೆ. ಶೆರೋ 1977ರಲ್ಲಿ ಹಲವು ದೃಶ್ಯಗಳನ್ನು ಬದಲಿಸಿದರು. 2010ರಲ್ಲಿ ಹನ್ಸ್ ನೊಯೆನ್‌ಫೆಲ್ಸ್ 'ಲೋಹೆನ್‌ಗ್ರಿನ್' ಮೇಳಕ್ಕೆ ಪ್ರಯೋಗಶಾಲೆಯ ಇಲಿಗಳ ವೇಷ ಹಾಕಿದಾಗ ಬೂ ಬಿತ್ತು. ಕೊನೆಯ ವರ್ಷಗಳ ಹೊತ್ತಿಗೆ ಆ ಇಲಿಗಳೇ ಅಚ್ಚುಮೆಚ್ಚು.

ಕೆಲಸ ನಡೆಯುವ ಬಗೆ, ಕೆಡುವ ಜಾಗ

ಹೊಸ ರಂಗರೂಪದ ತಯಾರಿ ವರ್ಷಗಳ ಮೊದಲೇ ಶುರುವಾಗುತ್ತದೆ. ಮೊದಲು ಪುಟ್ಟ ಅಳತೆಯ ಮಾದರಿ. ಆಮೇಲೆ ಜರ್ಮನರು ಬೌಪ್ರೋಬೆ ಎನ್ನುವ ಪರೀಕ್ಷೆ: ಹಲಗೆ, ಬಟ್ಟೆ, ಹಳೆಯ ತುಂಡುಗಳನ್ನು ನಿಜವಾದ ರಂಗದ ಮೇಲೆ ನಿಲ್ಲಿಸಿ, ಎತ್ತರ, ದೂರ, ಬಾಲ್ಕನಿಯ ಮೂಲೆಯ ಸೀಟಿನಿಂದ ಏನು ಕಾಣುತ್ತದೆ ಎಂದು ನೋಡುತ್ತಾರೆ. ನಂತರ ಸುಮಾರು ಆರು ವಾರ ಪಿಯಾನೊ ಜೊತೆ ತಾಲೀಮು, ಕೊನೆಯ ಹಂತದಲ್ಲಿ ಮಾತ್ರ ಪೂರ್ಣ ವಾದ್ಯವೃಂದ.

ಹೆಚ್ಚು ಕೆಡುವುದು ಧ್ವನಿಯಲ್ಲಿ. ಒಪೆರಾ ಗಾಯಕರಿಗೆ ಮೈಕ್ ಇಲ್ಲ. 60ರಿಂದ 100 ವಾದ್ಯಗಳ ಮೇಲೆ ಒಂದು ಕಂಠ ಕೇಳಿಸುವುದು, ತರಬೇತಾದ ದನಿಯಲ್ಲಿ ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿ ಒಟ್ಟುಗೂಡುವುದರಿಂದ. ವಾದ್ಯವೃಂದದ ಸದ್ದು ಅಲ್ಲಿಗೆ ಬರುವ ಹೊತ್ತಿಗೆ ಇಳಿದಿರುತ್ತದೆ. ಆದರೆ ಇಷ್ಟು ಎತ್ತರದ ಕಂಪನಗಳು ಬಾಯಿ ತಿರುಗಿದ ಕಡೆಗೇ ಹೆಚ್ಚು ಹೋಗುತ್ತವೆ. ನಿರ್ದೇಶಕರು ಗಾಯಕಿಯನ್ನು ಪಕ್ಕಕ್ಕೆ ತಿರುಗಿಸಿದರೆ, ರಂಗದ ಹಿಂಭಾಗಕ್ಕೆ ಕಳಿಸಿದರೆ, ಸೆಟ್ಟಿಗೆ ಹಿಂಗೋಡೆ ಇಲ್ಲದಿದ್ದರೆ ದನಿ ಮೇಲಿನ ಖಾಲಿ ಜಾಗಕ್ಕೆ ಸೋರಿಹೋಗುತ್ತದೆ. ದಪ್ಪ ಪರದೆ ದನಿ ನುಂಗುತ್ತದೆ, ಮರದ ಗಟ್ಟಿ ಗೋಡೆ ಹಿಂದಿರುಗಿಸುತ್ತದೆ. ಮೂರು ಗೋಡೆಯ ಹಳೆಯ ಕಾಲದ ಕೋಣೆ ಸೆಟ್ಟುಗಳನ್ನು ಗಾಯಕರು ಇಷ್ಟಪಡುವುದು ಹಳೆಯದೆಂಬ ಮೋಹಕ್ಕಲ್ಲ. ಹಾಗೆಯೇ ಅಮೂರ್ತವಾದ ಮರದ ಪೆಟ್ಟಿಗೆಯಂಥ ಸೆಟ್ಟೂ ಅವರಿಗೆ ವರವೇ.

ಯಂತ್ರಗಳೂ ಕೈಕೊಡುತ್ತವೆ. ಮೆಟ್ರೊಪಾಲಿಟನ್ ಒಪೆರಾಕ್ಕೆ 2010ರಿಂದ 2012ರವರೆಗೆ ರೊಬೇರ್ ಲಪಾಜ್ ಕಟ್ಟಿದ 'ರಿಂಗ್'ನಲ್ಲಿ ಸೆಟ್ ಎಂದರೆ 24 ಹಲಗೆಗಳು ತಿರುಗುವ, ಸುಮಾರು 45 ಟನ್ ತೂಕದ ಒಂದು ಯಂತ್ರ. ರಂಗದ ತಳವನ್ನೇ ಬಲಪಡಿಸಬೇಕಾಯಿತು. ವಿಚಿತ್ರವೆಂದರೆ ಲಪಾಜ್ ಕತೆಯನ್ನು ಮೂಲದಂತೆಯೇ ಹೇಳಿದರು, ನದಿಗೆ ನದಿ, ಬೆಂಕಿಗೆ ಬೆಂಕಿ. ಆದರೂ ಪ್ರೇಕ್ಷಕರು ಗೊಣಗಿದರು: ಮೆಲ್ಲನೆಯ ಸಂಗೀತದ ನಡುವೆ ಹಲಗೆಗಳು ಕಿರುಗುಟ್ಟುತ್ತಿದ್ದವು.

ಇನ್ನೊಂದು ತೊಂದರೆ ಕಾಯಿಲೆ. ಮುಖ್ಯ ಗಾಯಕಿಗೆ ಗಂಟಲು ಕೆಟ್ಟರೆ ಬೇರೆ ಊರಿನಿಂದ ಬಂದವರು ಅದೇ ಮಧ್ಯಾಹ್ನ ವಿಡಿಯೊ ನೋಡಿ ಚಲನೆ ಕಲಿಯಬೇಕು. ಮೂಲ ಸೂಚನೆಯಂತಿದ್ದರೆ ಸುಲಭ. ಹೊಸ ಕಲ್ಪನೆಯದಾದರೆ ಅವರು ರಂಗದ ಅಂಚಿನಲ್ಲಿ ನಿಂತು ಹಾಡಿ, ಸಹಾಯಕ ನಿರ್ದೇಶಕರು ಪಾತ್ರವನ್ನು ಮೂಕಾಭಿನಯ ಮಾಡುವುದೂ ಉಂಟು.

ಹಣ ಯಾರದು

ಜರ್ಮನಿಯ ಒಪೆರಾ ಮಂದಿರಗಳ ಖರ್ಚಿನ ಬಹುಪಾಲು ರಾಜ್ಯ ಮತ್ತು ನಗರಗಳ ಬೊಕ್ಕಸದಿಂದ ಬರುತ್ತದೆ. ಟಿಕೆಟ್ ಹಣದ ಮೇಲೆ ಬದುಕು ನಿಂತಿಲ್ಲ, ಹಾಗಾಗಿ ಸೋಲುವ ಧೈರ್ಯವಿದೆ. ಸುಮಾರು 3,800 ಸೀಟಿನ ಮೆಟ್ರೊಪಾಲಿಟನ್ ನಿಂತಿರುವುದು ದಾನಿಗಳ ಮತ್ತು ಟಿಕೆಟಿನ ಮೇಲೆ. ಟೆಕ್ಸಾಸ್‌ನ ಸಿಬಿಲ್ ಹ್ಯಾರಿಂಗ್ಟನ್ ಸಾಂಪ್ರದಾಯಿಕ ರಂಗರೂಪಗಳಿಗೆಂದು ಅದಕ್ಕೆ ದೊಡ್ಡ ಮೊತ್ತ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ, ಅವರ ಹಣವನ್ನು ಆಧುನಿಕ ಶೈಲಿಯಲ್ಲಿ ಬಂದ ವಾಗ್ನರ್ ಅವರ 'ಟ್ರಿಸ್ಟಾನ್'ಗೆ ಬಳಸಿದ್ದಾರೆಂದು ಟ್ರಸ್ಟಿಗಳು 2003ರಲ್ಲಿ ದಾವೆ ಹೂಡಿದರು. ಫ್ರಾಂಕೊ ಜೆಫಿರೆಲ್ಲಿ 1981ರಲ್ಲಿ ಅಲ್ಲಿ ಕಟ್ಟಿದ 'ಲಾ ಬೊಹೆಮ್' ನಾಲ್ಕು ದಶಕ ದಾಟಿಯೂ ನಡೆಯುತ್ತಿದ್ದುದಕ್ಕೆ ಕಾರಣ ಹುಡುಕಬೇಕಿಲ್ಲ: ಟಿಕೆಟ್ ಮಾರಾಟವಾಗುತ್ತದೆ. ಹಾಗೆಂದು ನ್ಯೂಯಾರ್ಕ್ ಹೊಸದನ್ನೆಲ್ಲ ತಳ್ಳಿಹಾಕುತ್ತದೆ ಎನ್ನುವಂತಿಲ್ಲ. ವಿಲ್ಲಿ ಡೆಕರ್ ಅವರ 'ಲಾ ತ್ರವಿಯಾತಾ', ಖಾಲಿ ಬಿಳಿ ಗೋಡೆ, ಒಂದು ದೊಡ್ಡ ಗಡಿಯಾರ, ಒಂದು ಕೆಂಪು ಉಡುಪು ಇಷ್ಟೇ ಇದ್ದದ್ದು, 2005ರಲ್ಲಿ ಸಾಲ್ಜ್‌ಬುರ್ಗ್‌ನಲ್ಲಿ ಗೆದ್ದು 2010ರ ಕೊನೆಗೆ ಅಲ್ಲಿಗೂ ಬಂತು. ಸಾಯುತ್ತಿರುವ ಹೆಣ್ಣಿಗೆ ಗಡಿಯಾರ. ಇದಕ್ಕೆ ವಿವರಣೆ ಬೇಕಿರಲಿಲ್ಲ.

ಟಿಕೆಟ್ ಕೊಳ್ಳುವ ಮುನ್ನ

ಒಪೆರಾದ ಹೆಸರು ನೋಡಿದರೆ ಸಾಲದು, ನಿರ್ದೇಶಕರ ಹೆಸರು ನೋಡಬೇಕು. ಜರ್ಮನ್ ಜಾಲತಾಣಗಳಲ್ಲಿ 'ಇನ್‌ಸೆನೀರುಂಗ್' ಅಥವಾ 'ರೆಜೀ' ಎಂಬುದರ ಮುಂದೆ ಇರುತ್ತದೆ. ಅಲ್ಲೇ ಫೋಟೊ, ಒಂದೆರಡು ನಿಮಿಷದ ತುಣುಕು ಸಿಗುತ್ತವೆ; ವೇಷಭೂಷಣ ಯಾವ ಕಾಲದ್ದೆಂದು ಅಷ್ಟರಿಂದಲೇ ತಿಳಿಯುತ್ತದೆ. ಹಿಂಸೆ, ನಗ್ನತೆ ಇದ್ದರೆ ವಯಸ್ಸಿನ ಸೂಚನೆ ಹಾಕಿರುತ್ತಾರೆ, ಮಕ್ಕಳನ್ನು ಕರೆದೊಯ್ಯುವವರು ಅದನ್ನು ಓದದೆ ಹೋಗಬಾರದು.

ಮೂಲ ಕತೆಯನ್ನು ಮೊದಲು ಓದಿ, ನಂತರ ಆ ರಂಗರೂಪದ ಕತೆಸಾರವನ್ನು ಓದಿ. ಎರಡೂ ಬೇರೆಯಾಗಿದ್ದರೆ ವ್ಯತ್ಯಾಸ ಎಲ್ಲೆಲ್ಲಿ ಎಂದು ಗುರುತು ಮಾಡಿಕೊಂಡರೆ ಅರ್ಧ ಗೊಂದಲ ಹೊರಗೇ ಕಳೆಯುತ್ತದೆ. ಹಲವು ಜರ್ಮನ್ ಮಂದಿರಗಳಲ್ಲಿ ಪ್ರದರ್ಶನಕ್ಕೆ ಅರ್ಧ ಗಂಟೆ ಮೊದಲು 'ಐನ್‌ಫ್ಯೂರುಂಗ್' ಎಂಬ ಪರಿಚಯ ಭಾಷಣ ಇರುತ್ತದೆ, ಸಾಮಾನ್ಯವಾಗಿ ಉಚಿತ, ಜರ್ಮನ್‌ನಲ್ಲಿ. ಮೊದಲ ಸಲ ಹೋಗುವವರು ಪ್ರೀಮಿಯರ್ ರಾತ್ರಿಯನ್ನು ಬಿಟ್ಟು ಮೂರನೆಯದೋ ನಾಲ್ಕನೆಯದೋ ಪ್ರದರ್ಶನ ಆರಿಸಿಕೊಂಡರೆ ಟಿಕೆಟ್ ದರವೂ ಎಷ್ಟೋ ಕಡೆ ಕಡಿಮೆ, ಗಾಯಕರೂ ಪಳಗಿರುತ್ತಾರೆ, ಗಲಾಟೆಯೂ ಇರದು. ರಂಗರೂಪವೇ ಬೇಡ, ಸಂಗೀತ ಸಾಕು ಎನ್ನುವವರು 'ಕೊನ್ಸೆರ್ಟಾಂಟ್' ಎಂದು ನಮೂದಾಗಿರುವುದನ್ನು ಹುಡುಕಬೇಕು; ಅದರಲ್ಲಿ ಸೆಟ್ಟೂ ಇಲ್ಲ, ವೇಷವೂ ಇಲ್ಲ.

ಮನಸ್ಸಿಗೆ ಹಿಡಿಸದಿದ್ದರೆ ವಿರಾಮದಲ್ಲಿ ಎದ್ದು ಹೋಗುವುದು ಅಲ್ಲಿ ತಪ್ಪಲ್ಲ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬೈರಾಯ್ತ್‌ನಲ್ಲಿ 'ರಿಂಗ್'ನ ಮೊದಲ ಭಾಗಕ್ಕೆ ಮಾತ್ರ ಈ ಸಲಹೆ ನಡೆಯದು: ಸುಮಾರು ಎರಡೂವರೆ ಗಂಟೆ ವಿರಾಮವೇ ಇಲ್ಲ, ಉದ್ದ ಸಾಲುಗಳ ನಡುವೆ ಓಣಿ ಇಲ್ಲ, ಶುರುವಾದ ಮೇಲೆ ಬಾಗಿಲು ಮುಚ್ಚಿರುತ್ತಾರೆ.